ಮೀಟರಿನಿಂದ ಈಚೆಗೆ ಹೊಣೆ ಯಾರದು?

ಎಲ್ಲಿಯಾದರೂ ಒಂದು ಮನೆಗೆ ಬೆಂಕಿ ಬಿದ್ದು ಪ್ರಾಣಹಾನಿಯಾದರೆ, ಮಾರನೆಯ ದಿನದ ವಾರ್ತೆಯು ಒಂದೇ ಬಗೆಯ ವಾಕ್ಯದಿಂದ ಮುಗಿಯುವುದು ಈಗ ರೂಢಿಯಾಗಿದೆ: ಶಾರ್ಟ್ ಸರ್ಕ್ಯೂಟೇ ಕಾರಣವೆಂದು ಶಂಕಿಸಲಾಗಿದೆ. ಹಿಂದಿನವರು ಇಂಥ ಸ್ಥಳದಲ್ಲಿ ದೈವೇಚ್ಛೆ ಎನ್ನುತ್ತಿದ್ದರು. ಎರಡು ಮಾತಿನ ಫಲವೂ ಒಂದೇ; ವಿಚಾರಣೆ ಅಲ್ಲಿಗೆ ನಿಂತುಹೋಗುತ್ತದೆ. 2025ರ ಆಗಸ್ಟ್ 16ರಂದು ಬೆಂಗಳೂರಿನ ನಗರ್ತಪೇಟೆಯ ಕಟ್ಟಡದಲ್ಲಿ ಐವರು ಬೆಂಕಿಗೆ ಆಹುತಿಯಾದಾಗಲೂ ಮೊದಲು ಕೇಳಿಬಂದುದು ಈ ಶಂಕೆಯೇ. ಶಂಕೆಯು ನಿಶ್ಚಯವಾಯಿತೇ, ಯಾವ ತಂತಿ, ಯಾರು ಎಳೆದುದು, ಎಷ್ಟು ವರ್ಷದ ಹಿಂದೆ, ಅದನ್ನು ಕಡೆಯದಾಗಿ ನೋಡಿದವರು ಯಾರು ಎಂಬ ಪ್ರಶ್ನೆಗಳು ಇಂಥ ಅನರ್ಥಗಳ ತರುವಾಯ ಸಾರ್ವಜನಿಕರ ಕಿವಿಗೆ ಬೀಳುವುದು ಬಹಳ ಅಪರೂಪ. ವಿದ್ಯುಚ್ಛಕ್ತಿಯು ತಾನಾಗಿ ಕೋಪಗೊಂಡು ಮನೆ ಸುಡುವ ದೇವತೆಯಲ್ಲ. ಅದು ತನಗೆ ಕೊಟ್ಟ ದಾರಿಯಲ್ಲಿ ಹೋಗುತ್ತದೆ, ದಾರಿ ಇಕ್ಕಟ್ಟಾದರೆ ಕಾಯುತ್ತದೆ, ಕಾದರೆ ಉರಿಸುತ್ತದೆ. ದಾರಿ ಮಾಡಿದವರು ಮನುಷ್ಯರು, ಅದನ್ನು ನೋಡಿಕೊಳ್ಳತಕ್ಕವರೂ ಮನುಷ್ಯರೇ.

ನೆಲಮಂಗಲದ ಮಹಾಜನರಿಗೆ ಈ ವಿಷಯವು ಮತ್ತೊಂದು ಕಾರಣದಿಂದಲೂ ವಿಚಾರಾರ್ಹವಾದುದು. ರಾಜ್ಯದ ವಿದ್ಯುತ್ ಜಾಲದಲ್ಲಿ ನೆಲಮಂಗಲವೆಂಬುದು ಸಾಮಾನ್ಯ ಹೆಸರಲ್ಲ. ಇಲ್ಲಿ ನಾಲ್ಕು ಲಕ್ಷ ವೋಲ್ಟಿನ ಸ್ವೀಕರಣಾ ಕೇಂದ್ರವಿದೆ. ಶರಾವತಿಯ ಸೀಮೆಯಿಂದ, ತಾಳಗುಪ್ಪದ ಕಡೆಯಿಂದ ಬರುವ ಹೆದ್ದಂತಿಯು ಇಲ್ಲಿಗೆ ಬಂದು ಮುಟ್ಟುತ್ತದೆ. ಬೆಂಗಳೂರಿನ ಎಷ್ಟೋ ಭಾಗಗಳು ಬೆಳಗುವುದಕ್ಕೆ ಮುನ್ನ ಆ ಶಕ್ತಿಯು ನಮ್ಮ ತಾಲ್ಲೂಕಿನ ನೆಲದ ಮೇಲೆ ಹಾಯ್ದು ಹೋಗತಕ್ಕದ್ದು. ಹೀಗಿರುವಲ್ಲಿ, ಅದೇ ತಾಲ್ಲೂಕಿನ ಹಳ್ಳಿಯೊಂದರ ಕೊನೆಯ ಬೀದಿಯ ಕೊನೆಯ ಮನೆಯಲ್ಲಿ ಸಂಜೆ ಏಳು ಗಂಟೆಗೆ ದೀಪವು ಮಿಣುಕುಹುಳುವಿನಂತೆ ಉರಿಯುವುದೂ, ನಡುರಾತ್ರಿಯಲ್ಲಿ ಅದೇ ದೀಪ ಕಣ್ಣು ಕುಕ್ಕುವಂತೆ ಬೆಳಗುವುದೂ ನಗಬೇಕೋ ಅಳಬೇಕೋ ತಿಳಿಯದಂಥ ಸಂಗತಿಯಾಗಿದೆ. ಹೊಳೆಯ ದಡದಲ್ಲಿದ್ದು ಬಾಯಾರಿದವನ ಕಥೆ ಕೇಳಿದ್ದೆವು. ಹೊಳೆಯ ದಡದಲ್ಲಿ ಒಂದು ದಿನ ಬಾಯಾರಿ ಒಂದು ದಿನ ಕೊಚ್ಚಿಹೋಗುವವನ ಕಥೆ ಇದು.

ಈ ಕಾರ್ಯದಲ್ಲಿ ಕನ್ನಡ ನಾಡು ಹಿಂದುಳಿದುದಲ್ಲವೆಂಬುದನ್ನು ಯಾರೂ ಅಲ್ಲಗಳೆಯಲಾರರು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಶಕ್ತಿಯನ್ನು ತೆಗೆದು, ತೊಂಬತ್ತಕ್ಕೂ ಹೆಚ್ಚು ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದಾಗ, ಅಷ್ಟು ದೂರದ ತಂತಿಯ ದಾರಿಯು ಆ ಕಾಲಕ್ಕೆ ಲೋಕದಲ್ಲಿಯೇ ವಿರಳವಾಗಿತ್ತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಹೊತ್ತಿಕೊಂಡವು. 1948ರಲ್ಲಿ ಜೋಗದ ನೀರು ವಿದ್ಯುತ್ತಾಯಿತು. 1960ರ ದಶಕದಲ್ಲಿ ಶರಾವತಿಯ ದೊಡ್ಡ ಯೋಜನೆ ಫಲಕ್ಕೆ ಬಂತು. 1957ರಲ್ಲಿ ವಿದ್ಯುಚ್ಛಕ್ತಿ ಮಂಡಲಿ, 1999ರಲ್ಲಿ ಪ್ರಸರಣ ನಿಗಮ, 2002ರಲ್ಲಿ ಹಂಚಿಕೆಗಾಗಿ ಬೆಸ್ಕಾಂ ಮುಂತಾದ ಕಂಪೆನಿಗಳು. ಹೆಸರುಗಳು ಬದಲಾದವು, ಬೋರ್ಡುಗಳು ಬದಲಾದವು. ಉತ್ಪಾದಿಸುವುದರಲ್ಲಿಯೂ ಸಾಗಿಸುವುದರಲ್ಲಿಯೂ ತೋರಿದ ಜಾಣ್ಮೆಯು ಕಡೆಯ ನೂರು ಅಡಿಗಳಲ್ಲಿ, ಎಂದರೆ ಕಂಬದಿಂದ ಮೀಟರಿಗೂ ಮೀಟರಿನಿಂದ ಅಡಿಗೆಮನೆಗೂ ಇರುವ ದೂರದಲ್ಲಿ, ಏಕೆ ಕಾಣೆಯಾಯಿತೆಂಬುದು ನಮ್ಮ ಪ್ರಶ್ನೆ.

ಮೊದಲು ಒತ್ತಡದ ವಿಚಾರ. ಮನೆಗಳಿಗೆ ಕೊಡತಕ್ಕ ವೋಲ್ಟೇಜು 240. ಇದರಿಂದ ಶೇಕಡಾ ಆರಕ್ಕಿಂತ ಹೆಚ್ಚಾಗಲಿ ಕಡಮೆಯಾಗಲಿ ಆಗಕೂಡದೆಂದು 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಾವಳಿಯಲ್ಲಿಯೇ ಕಟ್ಟುಪಾಡಾಯಿತು. ಅಂದರೆ ಸುಮಾರು 225ಕ್ಕೆ ಇಳಿಯಬಾರದು, 254ನ್ನು ದಾಟಬಾರದು. ಬೀದಿಯ ಟ್ರಾನ್ಸ್‌ಫಾರ್ಮರು 11,000 ವೋಲ್ಟನ್ನು 433ಕ್ಕೆ ಇಳಿಸುತ್ತದೆ. ಅದರ ಒಂದೊಂದು ಫೇಸಿಗೆ 250 ಬರುತ್ತದೆ. ದಾರಿಯಲ್ಲಿ ಸ್ವಲ್ಪ ಸವೆದುಹೋಗಲೆಂದೇ ಈ ಹತ್ತು ವೋಲ್ಟಿನ ಹೆಚ್ಚಳ. ಆದರೆ ದಾರಿಯು ಉದ್ದವಾಗಿ, ತಂತಿಯು ಸಣ್ಣದಾಗಿ, ಅದರ ಮೇಲೆ ಮನೆಗಳೂ ಪಂಪುಸೆಟ್ಟುಗಳೂ ಒಂದರ ಮೇಲೊಂದು ಸೇರಿದರೆ ಸವೆತವು ಹತ್ತಲ್ಲ, ನಲವತ್ತು ಐವತ್ತು ಆಗುತ್ತದೆ. ಹಳ್ಳಿಯ ಮನೆಗಳ ದಾರಿಯನ್ನು ಪಂಪುಗಳ ದಾರಿಯಿಂದ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆಯಿಂದ ಈ ಕಷ್ಟವು ಎಷ್ಟೋ ಮಟ್ಟಿಗೆ ತಗ್ಗಿತೆಂಬುದನ್ನು ಒಪ್ಪಬೇಕು. ಆದರೆ ನೆಲಮಂಗಲ, ದಾಬಸ್‌ಪೇಟೆ, ತ್ಯಾಮಗೊಂಡ್ಲುಗಳ ಸುತ್ತ ಹೊಲಗಳು ಬಡಾವಣೆಗಳಾಗುತ್ತಿರುವ ವೇಗಕ್ಕೆ ಸಮನಾಗಿ ಟ್ರಾನ್ಸ್‌ಫಾರ್ಮರುಗಳು ಏಳಲಿಲ್ಲ.

ವೋಲ್ಟೇಜು ತಗ್ಗಿದರೆ ಬೆಂಕಿಯೇಕೆ, ಶಕ್ತಿ ಕಡಮೆಯಾದರೆ ಅಪಾಯವೂ ಕಡಮೆಯಲ್ಲವೇ ಎಂದು ಕೆಲವರು ಕೇಳುವುದುಂಟು. ಬುಗ್ಗೆದೀಪಕ್ಕೂ ನೀರು ಕಾಯಿಸುವ ಗೀಸರಿಗೂ ಈ ಮಾತು ಒಪ್ಪುತ್ತದೆ, ಮೋಟರಿಗೆ ಒಪ್ಪುವುದಿಲ್ಲ. ಫ್ರಿಜ್ಜಿನ ಮೋಟರಾಗಲಿ ನೀರೆತ್ತುವ ಪಂಪಾಗಲಿ ಸಾಕಷ್ಟು ಒತ್ತಡವಿಲ್ಲದೆ ತಿರುಗಲಾರದೆ ನಿಂತರೆ, ಕೆಸರಿನಲ್ಲಿ ಸಿಕ್ಕ ಎತ್ತಿನಂತೆ ಮಾಮೂಲಿಗಿಂತ ಹಲವು ಪಟ್ಟು ಕರೆಂಟನ್ನು ಎಳೆಯುತ್ತದೆ. ಆ ಕರೆಂಟು ಸುರುಳಿಯನ್ನೂ ಸುಡುತ್ತದೆ, ಅದಕ್ಕೆ ಬರುವ ತಂತಿಯನ್ನೂ ಕಾಯಿಸುತ್ತದೆ.

ಇದಕ್ಕಿಂತ ಘೋರವಾದುದು ನ್ಯೂಟ್ರಲ್ ತಂತಿ ಕಡಿದುಹೋಗುವುದು. ನಮ್ಮ ವಾಚಕರಲ್ಲಿ ಹಲವರಿಗೆ ಇದರ ಅನುಭವವಿದ್ದೀತು, ಹೆಸರು ತಿಳಿಯದಿದ್ದೀತು. ಬೀದಿಯ ಮನೆಗಳನ್ನು ಮೂರು ಫೇಸುಗಳಿಗೆ ಹಂಚಿ, ಎಲ್ಲಕ್ಕೂ ಹಿಂದಿರುಗುವ ದಾರಿಯಾಗಿ ಒಂದೇ ನ್ಯೂಟ್ರಲನ್ನು ಕೊಟ್ಟಿರುತ್ತಾರೆ. ಗಾಳಿಮಳೆಗೋ ತುಕ್ಕು ಹಿಡಿದ ಜೋಡಣೆಯಿಂದಲೋ ಅದು ಕಡಿದುಹೋದರೆ, ಹಿಂದಿರುಗುವ ದಾರಿಯಿಲ್ಲದ ಕರೆಂಟು ಒಂದು ಮನೆಯಿಂದ ಹೊಕ್ಕು ಮತ್ತೊಂದು ಮನೆಯಿಂದ ಹೊರಡುತ್ತದೆ. ಎರಡು ಫೇಸುಗಳ ನಡುವಣ 415 ವೋಲ್ಟನ್ನು ಆ ಎರಡು ಮನೆಗಳು ಹಂಚಿಕೊಳ್ಳಬೇಕಾಗುತ್ತದೆ, ಹಂಚಿಕೆಯೂ ನ್ಯಾಯವಾದುದಲ್ಲ. ಯಾವ ಮನೆಯಲ್ಲಿ ಗೀಸರು ಉರಿಯುತ್ತಿದೆಯೋ ಅಲ್ಲಿಗೆ ಚೂರುಪಾರು ಸಿಕ್ಕಿ, ಯಾವ ಮನೆಯಲ್ಲಿ ಒಂದು ದೀಪ, ಒಂದು ಟೆಲಿವಿಷನ್ನು ಮಾತ್ರ ನಡೆಯುತ್ತಿದೆಯೋ ಆ ಬಡಮನೆಯ ಮೇಲೆ ಮುನ್ನೂರು, ಮುನ್ನೂರೈವತ್ತು ವೋಲ್ಟು ಬೀಳುತ್ತದೆ. ಬೀದಿಗೆ ಬೀದಿಯೇ ಟೆಲಿವಿಷನ್ನು, ಫ್ರಿಜ್ಜು, ಚಾರ್ಜರುಗಳನ್ನು ಒಂದೇ ಗಳಿಗೆಯಲ್ಲಿ ಕಳೆದುಕೊಂಡುದಾಗಿ ವರ್ಷವರ್ಷವೂ ಹಳ್ಳಿಗಳಿಂದ ಬರುವ ವಾರ್ತೆಗಳ ಮೂಲವು ಬಹುಪಾಲು ಇದೇ. ಸುಟ್ಟದ್ದು ಉಪಕರಣ ಮಾತ್ರವಾದರೆ ಜನರು ಅದೃಷ್ಟವಂತರು. ಉಪಕರಣದ ಪಕ್ಕದಲ್ಲಿ ಹಾಸಿಗೆಯೋ ಪರದೆಯೋ ಇದ್ದರೆ ಮಾತು ಬೇರೆ.

ಇನ್ನು ಮೀಟರನ್ನು ದಾಟಿ ಮನೆಯೊಳಕ್ಕೆ ಬರೋಣ. ಬಡವರ ಮನೆಗಳಿಗೆ ದೀಪ ಕೊಡಲೆಂದು ನಮ್ಮ ರಾಜ್ಯದಲ್ಲಿ ಭಾಗ್ಯಜ್ಯೋತಿಯೂ, 1988-89ರಿಂದ ಕೇಂದ್ರದ ಕುಟೀರಜ್ಯೋತಿಯೂ ನಡೆದುಬಂದವು. ಒಂದು ಮನೆಗೆ ಒಂದು ದೀಪವೆಂಬುದು ಅವುಗಳ ಮೂಲತತ್ತ್ವ. ಸೀಮೆಎಣ್ಣೆಯ ಬುಡ್ಡಿಯ ಕೆಳಗೆ ಓದುತ್ತಿದ್ದ ಮಕ್ಕಳಿಗೆ ಅದರಿಂದಾದ ಉಪಕಾರವನ್ನು ಹಗುರವಾಗಿ ಎಣಿಸತಕ್ಕದ್ದಲ್ಲ. ಆದರೆ ಒಂದು ದೀಪಕ್ಕೆಂದು ಎಳೆದ ಸಣ್ಣ ತಂತಿಯು ಗೋಡೆಯಲ್ಲಿ ಹಾಗೆಯೇ ಉಳಿಯಿತು. ಮನೆಯ ಬಾಳು ಹಾಗೆಯೇ ಉಳಿಯಲಿಲ್ಲ. ದೀಪದ ಬಳಿಕ ಫ್ಯಾನು ಬಂತು, ಟೆಲಿವಿಷನ್ನು ಬಂತು, ಮಿಕ್ಸಿ ಬಂತು, ಮಗಳ ಮದುವೆಯ ವರ್ಷ ಫ್ರಿಜ್ಜು ಬಂತು, ಈಗ ನೀರು ಕಾಯಿಸುವ ಕಡ್ಡಿಯೋ ಗೀಸರೋ ಬಂದಿದೆ, ಮಗನ ವಿದ್ಯುತ್ ಸ್ಕೂಟರು ರಾತ್ರಿಯೆಲ್ಲ ಜಗುಲಿಯಲ್ಲಿ ಚಾರ್ಜಾಗುತ್ತಿದೆ. ಇದರಲ್ಲಿ ತಪ್ಪೇನೂ ಇಲ್ಲ. ಬಡವನು ಬಡವನಾಗಿಯೇ ಇರಲೆಂದು ಯಾರೂ ಬಯಸಲಾರರು.

ಆದರೆ ಲೆಕ್ಕವನ್ನು ನೋಡಿರಿ. ನಲವತ್ತು ವಾಟಿನ ಒಂದು ದೀಪವು ಎಳೆಯುವುದು ಒಂದು ಆಂಪಿಯರಿನ ಆರನೆಯ ಒಂದು ಭಾಗ. ಎರಡು ಸಾವಿರ ವಾಟಿನ ಗೀಸರು ಎಳೆಯುವುದು ಎಂಟಕ್ಕೂ ಹೆಚ್ಚು ಆಂಪಿಯರು. ಅಂದರೆ ಐವತ್ತು ಪಟ್ಟು. ತಂತಿಯಲ್ಲಿ ಹುಟ್ಟುವ ಬಿಸಿಯು ಕರೆಂಟಿನ ಜೊತೆಗೆ ಸಮಸಮವಾಗಿ ಏರುವುದಿಲ್ಲ, ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. ಇದನ್ನು ಇಂಗ್ಲೆಂಡಿನ ಜೌಲನು 1840ರ ದಶಕದಲ್ಲಿಯೇ ತೋರಿಸಿಕೊಟ್ಟನು. ಹೈಸ್ಕೂಲಿನ ಪಾಠಪುಸ್ತಕದಲ್ಲಿಯೂ ಇದೆ. ಐವತ್ತು ಪಟ್ಟು ಕರೆಂಟೆಂದರೆ ಅದೇ ತಂತಿಯಲ್ಲಿ ಎರಡು ಸಾವಿರದ ಐನೂರು ಪಟ್ಟು ಬಿಸಿ. ಸಾಮಾನ್ಯವಾದ ಪಿವಿಸಿ ಹೊದಿಕೆಯ ತಂತಿಗೆ ಎಪ್ಪತ್ತು ಡಿಗ್ರಿ ಸೆಂಟಿಗ್ರೇಡು ಮೇರೆ. ಅದನ್ನು ಮೀರಿ ದಿನದಿನವೂ ಕಾದರೆ ಹೊದಿಕೆಯು ಮೊದಲು ಮೆತ್ತಗಾಗಿ, ಆಮೇಲೆ ಪೆಡಸಾಗಿ ಬಿರಿದು, ಕಡೆಗೆ ಎರಡು ತಂತಿಗಳು ಒಂದನ್ನೊಂದು ಮುಟ್ಟುವಂತಾಗುತ್ತದೆ. ಆ ಕಡೆಯ ಕ್ಷಣವನ್ನೇ ನಾವು ಶಾರ್ಟ್ ಸರ್ಕ್ಯೂಟ್ ಎಂದು ಕರೆಯುವುದು. ಕಾರಣವು ಅದಕ್ಕೆ ಐದೋ ಹತ್ತೋ ವರ್ಷ ಮುಂಚೆಯೇ ಗೋಡೆಯೊಳಗೆ ಕುಳಿತಿತ್ತು.

ಇದನ್ನು ತಡೆಯುವುದಕ್ಕೆಂದೇ ಫ್ಯೂಸಿದೆಯಲ್ಲವೇ? ಇದೆ. ಕರೆಂಟು ಮಿತಿಮೀರಿದಾಗ ಮನೆಗೆ ಬದಲಾಗಿ ತಾನು ಸುಟ್ಟುಹೋಗುವುದೇ ಆ ಎಳೆಯ ಧರ್ಮ. ಆದರೆ ಪದೇಪದೇ ಸುಡುವ ಫ್ಯೂಸನ್ನು ನಮ್ಮ ಜನರು ರೋಗವೆಂದು ತಿಳಿದು, ಅದಕ್ಕೆ ದಪ್ಪ ತಾಮ್ರದ ತಂತಿಯನ್ನು ಸುತ್ತಿ ವಾಸಿಮಾಡುತ್ತಾರೆ. ಊರಿನ ಕಾವಲುಗಾರನು ರಾತ್ರಿ ಕೂಗುತ್ತಾನೆಂದು ಅವನ ಬಾಯಿ ಕಟ್ಟಿದ ಹಾಗಾಯಿತು. ಈಗ ಫ್ಯೂಸಿನ ಸ್ಥಾನದಲ್ಲಿ ಬಂದಿರುವ ಎಂಸಿಬಿಯಲ್ಲಿಯೂ ಇದೇ ವೈದ್ಯ ನಡೆಯುತ್ತಿದೆ. ಹತ್ತು ಆಂಪಿಯರಿನದು ಬೀಳುತ್ತದೆಂದು ಮೂವತ್ತೆರಡರದನ್ನು ಕೂರಿಸುತ್ತಾರೆ, ಅದರ ಹಿಂದಿನ ತಂತಿಯು ಮಾತ್ರ ಹಳೆಯದೇ. ದೀಪಗಳಿಗೆ ಒಂದೂವರೆ ಚದರ ಮಿಲಿಮೀಟರು, ಪವರ್ ಪಾಯಿಂಟಿಗೆ ಎರಡೂವರೆ, ಗೀಸರಿಗೆ ನಾಲ್ಕು ಎಂಬುದು ಬಲ್ಲ ಕೆಲಸಗಾರರ ಪದ್ಧತಿ. 2003ರ ಕೇಂದ್ರದ ಆಜ್ಞೆಯ ಮೇರೆಗೆ ತಂತಿಗೆ ಐಎಸ್‌ಐ ಗುರುತೂ ಕಡ್ಡಾಯ. ಕಟ್ಟಡದ ಖರ್ಚಿನಲ್ಲಿ ಮುಂಬಾಗಿಲಿನ ಕೆತ್ತನೆಗೆ ಕೈ ಬಿಚ್ಚುವ ಯಜಮಾನನು ಗೋಡೆಯೊಳಗೆ ಹುದುಗಿ ಯಾರ ಕಣ್ಣಿಗೂ ಬೀಳದ ತಂತಿಯಲ್ಲಿ ಉಳಿತಾಯ ಮಾಡುವುದನ್ನು ಏನೆನ್ನೋಣ!

ತಂತಿಯು ಚೆನ್ನಾಗಿದ್ದರೂ ಜೋಡಣೆ ಸಡಿಲವಾದರೆ ಅನರ್ಥವೇ. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಮಂದಿ ಸತ್ತರು. ಅಂದು ಬೆಳಿಗ್ಗೆ ತಾನೆ ದುರಸ್ತಿಯಾದ ಟ್ರಾನ್ಸ್‌ಫಾರ್ಮರಿನಲ್ಲಿ ತಂತಿಯ ತುದಿಯನ್ನು ತಕ್ಕ ಯಂತ್ರದಿಂದ ಬಿಗಿಯದೆ ಬಿಟ್ಟುದೇ ಆ ಉರಿಯ ಮೂಲವೆಂದು ವಿಚಾರಣೆಯಿಂದ ಹೊರಬಿತ್ತು. ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸಿನಲ್ಲಿ 2010ರ ಫೆಬ್ರವರಿ 23ರಂದು ಒಂಬತ್ತು ಮಂದಿ ಪ್ರಾಣ ಬಿಟ್ಟರು. ಅಲ್ಲಿ ತಂತಿಗಳು ಇಳಿಯುವ ಕೊಳವೆಗಂಡಿಯಲ್ಲಿ ಹುಟ್ಟಿದ ಹೊಗೆಯು ಮಹಡಿಗಳಿಗೆ ಏರಿತು. ಪ್ಲಾಸ್ಟಿಕ್ಕಿನ ಹೊಗೆ ಉರಿಗಿಂತ ಬೇಗ ಕೊಲ್ಲುತ್ತದೆ. ಇವೆರಡೂ ದೊಡ್ಡ ಕಟ್ಟಡಗಳಾದ್ದರಿಂದ ದೇಶವು ಕಿವಿಗೊಟ್ಟಿತು, ಕೋರ್ಟು ಕಿವಿಗೊಟ್ಟಿತು. ಸಾಲುಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿರುವ ಕೂಲಿಯವನಿಗೆ ಅಂಥ ಭಾಗ್ಯವಿಲ್ಲ.

ಹಾಗಾದರೆ ಈ ಮನೆಯೊಳಗಿನ ತಂತಿಗೆ ಹೊಣೆ ಯಾರು? ಮೀಟರಿನಿಂದ ಆಚೆಗೆ, ಬೀದಿಯಲ್ಲಿ, ಕಾನೂನು ಸ್ಪಷ್ಟವಾಗಿದೆ. ಬೀದಿಯಲ್ಲಿ ಬಿದ್ದ ತಂತಿಯಿಂದ ಸತ್ತವನ ವಿಚಾರದಲ್ಲಿ, ಅಜಾಗರೂಕತೆ ರುಜುವಾತಾಗಲಿ ಆಗದಿರಲಿ, ವಿದ್ಯುತ್ ಮಂಡಲಿಯೇ ಹೊಣೆಯೆಂದು ಮಧ್ಯಪ್ರದೇಶದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2002ರಲ್ಲಿ ತೀರ್ಮಾನಿಸಿತು. 2023ರ ನವೆಂಬರ್ 19ರಂದು ಕಾಡುಗೋಡಿಯ ಪಾದಚಾರಿ ದಾರಿಯಲ್ಲಿ ಬಿದ್ದಿದ್ದ ತಂತಿಯನ್ನು ತುಳಿದು ತಾಯಿಯೂ ಕೈಗೂಸೂ ಸತ್ತಾಗ ಬೆಸ್ಕಾಂನ ಅಧಿಕಾರಿಗಳು ಅಮಾನತ್ತಾದರು. ಮೀಟರಿನಿಂದ ಈಚೆಗೆ ಬಂದರೆ ಮಾತ್ರ ಎಲ್ಲವೂ ಮಬ್ಬು. ಕಂಪೆನಿಯವರು ಅದು ಗ್ರಾಹಕನದೆನ್ನುತ್ತಾರೆ. ಗ್ರಾಹಕನು ಬಾಡಿಗೆದಾರನಾದರೆ ಅದು ಯಜಮಾನನದೆನ್ನುತ್ತಾನೆ. ಯಜಮಾನನು ಗುತ್ತಿಗೆದಾರನು ಸಹಿ ಮಾಡಿಕೊಟ್ಟ ಪೂರ್ಣತಾಪತ್ರವನ್ನು ತೋರಿಸುತ್ತಾನೆ. ಆ ಸಹಿ ಮಾಡಿದ ಲೈಸೆನ್ಸುದಾರನು ಎಷ್ಟು ಮನೆಗಳ ಗೋಡೆಯನ್ನು ಕಣ್ಣಾರೆ ಕಂಡು ಸಹಿ ಮಾಡಿದನೆಂಬುದನ್ನು ಅವನ ಅಂತಃಸಾಕ್ಷಿಯೇ ಹೇಳಬೇಕು.

ಇಲ್ಲಿ ನಮ್ಮ ವಾಚಕರು, ಅದರಲ್ಲಿಯೂ ಅಧಿಕಾರಿವರ್ಗದ ಮಹನೀಯರು, ಒಂದು ಹಳೆಯ ಕಲಮನ್ನು ಜ್ಞಾಪಿಸಿಕೊಳ್ಳಬೇಕೆಂದು ಬಿನ್ನವಿಸುತ್ತೇವೆ. 1956ರ ನಿಯಮಾವಳಿಯ 46ನೆಯ ನಿಯಮವು, ವಿದ್ಯುತ್ ಸಂಪರ್ಕ ಪಡೆದ ಸ್ಥಾವರಗಳನ್ನು ಹೆಚ್ಚೆಂದರೆ ಐದು ವರ್ಷಕ್ಕೊಮ್ಮೆ ಪರಿವೀಕ್ಷಕನಾಗಲಿ, ಸರ್ಕಾರವು ಹೇಳಿದಂತೆ ಸರಬರಾಜುದಾರನಾಗಲಿ ನೋಡಿ ಪರೀಕ್ಷಿಸತಕ್ಕದ್ದೆಂದು ವಿಧಿಸಿತ್ತು. 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಆ ಹಳೆಯ ನಿಯಮಾವಳಿಯ ಸ್ಥಾನಕ್ಕೆ ಬಂದವು; 2023ರಲ್ಲಿ ಅವೂ ಹೊಸದಾದವು. ಕಾಲ ಕಳೆದಂತೆ ನಿಯಮದ ಒಲವು ಪರಿವೀಕ್ಷಕನಿಂದ ದೂರ ಸರಿದು, ಚಿಕ್ಕ ಸ್ಥಾವರಗಳ ಮಟ್ಟಿಗೆ ಯಜಮಾನನೇ ತನ್ನದು ಸರಿಯಾಗಿದೆಯೆಂದು ಬರೆದುಕೊಡಲಿ ಎಂಬ ಕಡೆಗೆ ಹೊರಳಿದೆ. ಕಾರ್ಖಾನೆಗೆ ಇದು ಸಲ್ಲಬಹುದು, ಅಲ್ಲಿ ಎಂಜಿನಿಯರಿರುತ್ತಾನೆ. ಫೇಸು ಯಾವುದು, ನ್ಯೂಟ್ರಲ್ ಯಾವುದು ಎಂದರಿಯದ ಗೃಹಸ್ಥನು ತನ್ನ ಮನೆಯ ವಿದ್ಯುತ್ತಿಗೆ ತಾನೇ ಸರ್ಟಿಫಿಕೇಟು ಬರೆದುಕೊಳ್ಳುವುದು, ರೋಗಿಯು ತನ್ನ ನಾಡಿಯನ್ನು ತಾನೇ ಹಿಡಿದು ನೋಡಿ ಆರೋಗ್ಯಪತ್ರ ಬರೆದುಕೊಂಡ ಹಾಗೆ. ಹಳೆಯ ನಿಯಮವು ಅರ್ಧಶತಮಾನಕ್ಕೂ ಹೆಚ್ಚು ಕಾಲ ಜಾರಿಯಲ್ಲಿತ್ತು. ಆ ಅವಧಿಯಲ್ಲಿ ನೆಲಮಂಗಲದ ಎಷ್ಟು ಮನೆಗಳ ಬಾಗಿಲನ್ನು ಯಾರಾದರೂ ಬಂದು ತಟ್ಟಿ, ನಿಮ್ಮ ತಂತಿಯನ್ನು ನೋಡಬೇಕು ಎಂದರು? ಮೀಟರು ಓದುವವನು ತಿಂಗಳು ತಪ್ಪದೆ ಬರುತ್ತಾನೆ. ತಂತಿ ನೋಡುವವನ ಮುಖವನ್ನು ಕಂಡವರುಂಟೇ?

ಭೂಮಿಸಂಪರ್ಕದ ವಿಚಾರವೂ ಹೀಗೆಯೇ. ಮೂರು ತೂತಿನ ಸಾಕೆಟ್ಟು ಎಲ್ಲ ಮನೆಗಳಲ್ಲಿಯೂ ಇದೆ. ಎಷ್ಟೋ ಮನೆಗಳಲ್ಲಿ ಮೇಲಿನ ತೂತಿನ ಹಿಂದೆ ತಂತಿಯೇ ಇಲ್ಲ. ಇದ್ದರೂ ಅದು ಹೋಗಿ ಸೇರುವ ಗುಂಡಿಯು ಒಣಗಿದ್ದರೆ ಪ್ರಯೋಜನವಿಲ್ಲ, ಒಣಮಣ್ಣು ಕರೆಂಟನ್ನು ಸರಿಯಾಗಿ ಒಯ್ಯದು. ಅಂತರ್ಜಲವನ್ನು ಮಿತಿಮೀರಿ ಎತ್ತಿದ ತಾಲ್ಲೂಕುಗಳ ಪಟ್ಟಿಯಲ್ಲಿ ನಮ್ಮದೂ ಸೇರಿದೆ. ಬೇಸಿಗೆಯಲ್ಲಿ ತುಳಸಿಕಟ್ಟೆಗೆ ನೀರೆರೆಯುವ ಗೃಹಿಣಿಯು ಆ ಗುಂಡಿಗೂ ಒಂದು ಬಿಂದಿಗೆ ಹಾಕಬೇಕೆಂದು ಅವಳಿಗೆ ಯಾರೂ ಹೇಳಲಿಲ್ಲ. ಸೋರುವ ಕರೆಂಟನ್ನು ಕಂಡೊಡನೆ ಕಡಿದುಹಾಕುವ ಚಿಕ್ಕ ಸಾಧನವೊಂದುಂಟು. ಮೂವತ್ತು ಮಿಲಿಆಂಪಿಯರಿನಷ್ಟು ಸೋರಿಕೆಗೇ ಅದು ಎಚ್ಚರಗೊಳ್ಳುತ್ತದೆ. ನಿಯಮವು ಅದನ್ನು ದೊಡ್ಡ ಮನೆಗಳಿಗೆ ಕಡ್ಡಾಯ ಮಾಡಿ ಅಲ್ಪ ಲೋಡಿನ ಮನೆಗಳಿಗೆ ವಿನಾಯಿತಿ ಕೊಟ್ಟಿದೆ. ವಿನಾಯಿತಿಯ ಉದ್ದೇಶ ಬಡವನಿಗೆ ಖರ್ಚು ತಪ್ಪಿಸುವುದೇ ಸರಿ. ಆದರೆ ಗೋಡೆ ಒದ್ದೆಯಾಗುವುದೂ ತಂತಿ ಹಳೆಯದಾಗಿರುವುದೂ ಬಡವನ ಮನೆಯಲ್ಲಿಯೇ. ನಮ್ಮ ದೇಶದಲ್ಲಿ ವರ್ಷವೊಂದಕ್ಕೆ ಹನ್ನೆರಡು ಸಾವಿರಕ್ಕೂ ಮಿಕ್ಕ ಜನರು ವಿದ್ಯುತ್ ಸ್ಪರ್ಶದಿಂದ ಸಾಯುತ್ತಿರುವುದನ್ನು ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಲೆಕ್ಕಗಳು ತೋರಿಸಿವೆ. ಇವರೆಲ್ಲ ಯಾವ ಬಗೆಯ ಮನೆಗಳವರೆಂದು ಊಹಿಸುವುದು ಕಷ್ಟವಲ್ಲ.

ಈ ಎರಡು ಮೂರು ವರ್ಷಗಳಲ್ಲಿ ವಿಷಯವು ಮತ್ತಷ್ಟು ತೊಡಕಾಗಿದೆ. 2024ರ ನವೆಂಬರಿನಲ್ಲಿ ಮೆಟ್ರೋ ರೈಲು ತುಮಕೂರು ರಸ್ತೆಯ ಮಾದಾವರದವರೆಗೆ ಬಂದುದರಿಂದ ನೆಲಮಂಗಲವು ಬೆಂಗಳೂರಿಗೆ ಇನ್ನೂ ಹತ್ತಿರವಾಯಿತು. ಪೀಣ್ಯದಲ್ಲಿಯೂ ದಾಬಸ್‌ಪೇಟೆಯಲ್ಲಿಯೂ ದುಡಿಯುವವರಿಗಾಗಿ ಸಾಲುಮನೆಗಳು ಏಳುತ್ತಿವೆ. ಅಷ್ಟರಲ್ಲಿ, 2024ರ ಡಿಸೆಂಬರ್ 17ರಂದು ಉತ್ತರಪ್ರದೇಶದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಮೇರೆಗೆ, ಸ್ವಾಧೀನಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್ ಸಂಪರ್ಕ ಕೊಡಕೂಡದೆಂದಾಯಿತು. ಅಕ್ರಮ ಕಟ್ಟಡವನ್ನು ತಡೆಯುವ ಆ ಉದ್ದೇಶವನ್ನು ನಾವು ಗೌರವಿಸುತ್ತೇವೆ. ಆದರೆ ಕಟ್ಟಿ ಮುಗಿದ ಮನೆಯಲ್ಲಿ ಕತ್ತಲೆಯಲ್ಲಿ ಕುಳಿತಿರುವವರು ಎಷ್ಟು ಜನ? ಕಟ್ಟಡ ಕಟ್ಟಲು ಕೊಟ್ಟ ತಾತ್ಕಾಲಿಕ ಸಂಪರ್ಕವೇ ಸಂಸಾರದ ಸಂಪರ್ಕವಾಗುತ್ತದೆ. ಇಲ್ಲವೇ ಪಕ್ಕದ ಮನೆಯಿಂದ ಮಹಡಿಯ ಮೇಲಾಗಿ ಒಂದು ತಂತಿ ಬರುತ್ತದೆ, ಬಿಸಿಲಿಗೂ ಮಳೆಗೂ ಮೈಯೊಡ್ಡಿಕೊಂಡು. 2025ರಲ್ಲಿ ರಾಜ್ಯದ ಸಚಿವಸಂಪುಟವು 1,200 ಚದರಡಿಯವರೆಗಿನ ನಿವೇಶನಗಳ ಮನೆಗಳಿಗೆ ಸ್ವಾಧೀನಪತ್ರದಿಂದ ವಿನಾಯಿತಿ ಕೊಡಲು ನಿಶ್ಚಯಿಸಿತು. ಒಳ್ಳೆಯದೇ ಆಯಿತು. ಕಾಗದದಿಂದ ವಿನಾಯಿತಿ ಕೊಟ್ಟವರು ತಂತಿಯ ಪರೀಕ್ಷೆಯನ್ನಾದರೂ ಆ ಕಾಗದದ ಸ್ಥಾನದಲ್ಲಿ ಇಟ್ಟಿದ್ದರೆ ಎರಡು ಕೆಲಸವೂ ಒಟ್ಟಿಗೆ ಆಗುತ್ತಿತ್ತು.

2023ರ ಆಗಸ್ಟ್ 5ರಂದು, ಬೆಂಗಳೂರಿನ ಬೀದಿದೀಪ ಹೊತ್ತಿದ ಅದೇ ತಾರೀಖಿಗೆ, ಕಲಬುರಗಿಯಲ್ಲಿ ಗೃಹಜ್ಯೋತಿ ಯೋಜನೆಗೆ ಚಾಲನೆಯಾಯಿತು. ತಿಂಗಳಿಗೆ 200 ಯೂನಿಟ್ಟಿನೊಳಗೆ ಬಳಸುವ ಮನೆಗಳಿಗೆ, ಅವರ ಹಿಂದಿನ ಸರಾಸರಿಗೆ ಶೇಕಡಾ ಹತ್ತನ್ನು ಸೇರಿಸಿ, ವಿದ್ಯುತ್ತು ಉಚಿತ. ಒಂದೂವರೆ ಕೋಟಿಗೂ ಮಿಕ್ಕ ಮನೆಗಳು ಇದಕ್ಕೆ ಸೇರಿದವು. ಉಚಿತವಾಗಿ ಕೊಡುವುದು ಸರಿಯೋ ತಪ್ಪೋ ಎಂಬ ಜಗಳವನ್ನು ಇಲ್ಲಿ ಎತ್ತುವುದಿಲ್ಲ. ಆ ಜಗಳಕ್ಕೆ ಚುನಾವಣೆಯ ವೇದಿಕೆಗಳಿವೆ. ನಮ್ಮ ಮಾತಿಷ್ಟೇ: ವಿದ್ಯುತ್ತಿಗೆ ಹಣ ಕೊಡುವ ಸರ್ಕಾರವು ಅದು ಹರಿಯುವ ತಂತಿಯನ್ನು ನೋಡುವುದಕ್ಕೆ ಒಂದು ಕಾಸನ್ನೂ ಎತ್ತಿಡಲಿಲ್ಲವೇಕೆ? ಗುಡಿಯಲ್ಲಿ ಎಣ್ಣೆಯನ್ನು ದಾನ ಮಾಡುವವರು ಹಣತೆ ಒಡೆದಿದೆಯೇ ಎಂದು ಒಮ್ಮೆ ನೋಡುವುದುಂಟು.

ಸಿಬ್ಬಂದಿ ಸಾಲದೆಂಬ ಉತ್ತರವು ಬರುವುದೆಂದು ಬಲ್ಲೆವು. ಲೈನ್‌ಮನ್‌ಗಳ ಕೊರತೆ ನಿಜವಾದುದೇ. ಆದರೆ ಜಪಾನಿನಲ್ಲಿ ಮನೆಮನೆಯ ವಿದ್ಯುತ್ ಸ್ಥಾವರವನ್ನು ನಾಲ್ಕು ವರ್ಷಕ್ಕೊಮ್ಮೆ ಪರೀಕ್ಷಿಸುವ ಕಾಯಿದೆಯಿದೆ. ಅದಕ್ಕೆಂದೇ ಸುರಕ್ಷತಾ ಸಂಘಗಳಿವೆ. ಅಲ್ಲಿಯ ಮನೆಗಳ ಒತ್ತಡವು ನೂರು ವೋಲ್ಟು ಮಾತ್ರ, ನಮ್ಮದರ ಅರ್ಧಕ್ಕಿಂತಲೂ ಕಡಮೆ, ಎಂಬುದನ್ನೂ ಗಮನಿಸಬೇಕು. ಇಂಗ್ಲೆಂಡಿನಲ್ಲಿ 2020ರ ನಿಯಮದ ಮೇರೆಗೆ ಬಾಡಿಗೆಮನೆಯ ಯಜಮಾನನು ಐದು ವರ್ಷಕ್ಕೊಮ್ಮೆ ಅರ್ಹನಾದವನಿಂದ ತಂತಿಯನ್ನು ಪರೀಕ್ಷೆ ಮಾಡಿಸಿ ಅದರ ವರದಿಯ ನಕಲನ್ನು ಬಾಡಿಗೆದಾರನ ಕೈಗೆ ಕೊಡಬೇಕು. ನಮ್ಮಲ್ಲಿ ಪ್ರತಿವರ್ಷ ಐಟಿಐಗಳಿಂದ ಎಲೆಕ್ಟ್ರಿಷಿಯನ್ ವಿದ್ಯೆ ಕಲಿತ ಹುಡುಗರು ಹೊರಬಂದು ಕೆಲಸವಿಲ್ಲದೆ ಅಲೆಯುತ್ತಿದ್ದಾರೆ. ಅವರಿಗೆ ವಿದ್ಯುತ್ ಪರಿವೀಕ್ಷಣಾಲಯದವರು ಒಂದೆರಡು ತಿಂಗಳ ಅಭ್ಯಾಸವನ್ನೂ, ನಿರೋಧನವನ್ನೂ ಭೂಮಿಸಂಪರ್ಕವನ್ನೂ ಅಳೆಯುವ ಉಪಕರಣವನ್ನೂ ಕೊಟ್ಟರೆ ದಿನಕ್ಕೆ ಹತ್ತಾರು ಮನೆಗಳನ್ನು ನೋಡಿಯಾರು.

ಇದಕ್ಕಿಂತ ತೂಕವಾದ ಆಕ್ಷೇಪಣೆಯೊಂದುಂಟು. ಅದನ್ನು ನಾವೇ ಎತ್ತುತ್ತೇವೆ. ಪರೀಕ್ಷೆಯೆಂದು ಬಾಗಿಲಿಗೆ ಬಂದವನು ದೋಷವನ್ನು ಕಂಡೊಡನೆ ಸಂಪರ್ಕ ಕತ್ತರಿಸುತ್ತೇನೆಂದು ಬೆದರಿಸಿದರೆ, ಪರೀಕ್ಷೆಯು ಮತ್ತೊಂದು ಮಾಮೂಲಿಯ ದಾರಿಯಾಗುತ್ತದೆ. ಬಡವನು ಬಾಗಿಲು ಮುಚ್ಚುತ್ತಾನೆ, ತಂತಿಯು ಹಾಗೆಯೇ ಉಳಿಯುತ್ತದೆ. ಆದುದರಿಂದ ಮೊದಲ ಸುತ್ತಿನಲ್ಲಿ ದಂಡವಾಗಲಿ, ಹೆಚ್ಚಿನ ಲೋಡಿಗೆ ವಸೂಲಿಯಾಗಲಿ ಕೂಡದು. ಹಿಂದೆ ಒಂದು ದೀಪಕ್ಕೆ ಸಂಪರ್ಕ ಪಡೆದ ಮನೆಗಳಲ್ಲಿ ದೋಷವು ಕಂಡರೆ ಮುಖ್ಯ ತಂತಿಯನ್ನೂ ಸೋರಿಕೆ ಕಡಿಯುವ ಸಾಧನವನ್ನೂ ಸರ್ಕಾರದ ಖರ್ಚಿನಲ್ಲಿ ಹಾಕಿಕೊಡಬೇಕು. ಬಾಡಿಗೆಯ ಸಾಲುಮನೆಗಳಲ್ಲಿ ಮಾತ್ರ ಈ ದಯೆ ಸಲ್ಲದು. ತಿಂಗಳು ತಿಂಗಳು ಬಾಡಿಗೆ ಎಣಿಸುವ ಯಜಮಾನನೇ ಅದನ್ನು ಮಾಡಿಸತಕ್ಕದ್ದು. ಮಾಡಿಸಿದ ಸರ್ಟಿಫಿಕೇಟಿಲ್ಲದೆ ನಗರಸಭೆಯಾಗಲಿ ಪಂಚಾಯಿತಿಯಾಗಲಿ ಆ ಕಟ್ಟಡಕ್ಕೆ ಯಾವ ಹೊಸ ಅನುಮತಿಯನ್ನೂ ಕೊಡಕೂಡದು.

ಬೆಸ್ಕಾಂನವರು ತಮ್ಮ ಪಾಲನ್ನೂ ಮಾಡಬೇಕು. 2025ರ ಫೆಬ್ರವರಿಯಲ್ಲಿ ಹೊಸ ಸಂಪರ್ಕಗಳಿಗೆ ಅವರು ಸ್ಮಾರ್ಟ್ ಮೀಟರನ್ನು ಕಡ್ಡಾಯ ಮಾಡಿದಾಗ, ಅದರ ಬೆಲೆಯ ಬಗ್ಗೆ ಬಹಳ ಗದ್ದಲವಾಯಿತು. ಅದರಿಂದ ಜನರಿಗಾಗಬಹುದಾದ ಒಂದು ಪ್ರಯೋಜನವನ್ನು ಮಾತ್ರ ಯಾರೂ ಎತ್ತಲಿಲ್ಲ. ಆ ಮೀಟರು ಖರ್ಚಾದ ಯೂನಿಟ್ಟನ್ನಲ್ಲದೆ ಮನೆಗೆ ಬಂದ ವೋಲ್ಟೇಜನ್ನೂ ಬರೆದಿಡುತ್ತದೆ. ಯಾವ ಬೀದಿಯಲ್ಲಿ ಎಷ್ಟು ಗಂಟೆ 225ಕ್ಕಿಂತ ಕೆಳಗಿತ್ತು, ಯಾವ ರಾತ್ರಿ 254ನ್ನು ಮೀರಿತು ಎಂಬುದು ಕಂಪೆನಿಯ ಕಚೇರಿಯಲ್ಲಿಯೇ ಅಂಕಿಗಳಾಗಿ ಕುಳಿತಿದ್ದರೆ, ಅದನ್ನು ತಿಂಗಳಿಗೊಮ್ಮೆ ಟ್ರಾನ್ಸ್‌ಫಾರ್ಮರುವಾರು ಪ್ರಕಟಿಸುವುದಕ್ಕೆ ಏನಡ್ಡಿ? ಬಿಲ್ಲು ಕಟ್ಟದಿದ್ದರೆ ಗ್ರಾಹಕನ ತಂತಿ ಕಡಿಯುತ್ತಾರೆ. ಒತ್ತಡ ತಪ್ಪಿದರೆ ಕಂಪೆನಿಯದೂ ಒಂದು ಲೆಕ್ಕ ಊರಿನ ಮುಂದೆ ಬರಲಿ. ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ಜೋಡಣೆಯನ್ನೂ ಅದರ ಭೂಮಿಸಂಪರ್ಕವನ್ನೂ ಮುಂಗಾರಿಗೆ ಮುನ್ನ ಒಮ್ಮೆ, ಹಿಂಗಾರಿಗೆ ಮುನ್ನ ಒಮ್ಮೆ ಬಿಗಿಮಾಡಿ, ಮಾಡಿದ ತಾರೀಖನ್ನು ಕಂಬದ ಮೇಲೆಯೇ ಬರೆಯುವುದು ದೊಡ್ಡ ಖರ್ಚಿನ ಕೆಲಸವೇನಲ್ಲ.

ನೆಲಮಂಗಲದಲ್ಲಿ ಬೆಸ್ಕಾಂನ ವಿಭಾಗ ಕಚೇರಿಯಿದೆ, ನಗರಸಭೆಯಿದೆ, ಹೆದ್ದಾರಿಯ ಬದಿಯಲ್ಲಿ ದಿನದಿನವೂ ಏಳುವ ಹೊಸ ಮನೆಗಳೂ, ತ್ಯಾಮಗೊಂಡ್ಲು, ಸೋಂಪುರಗಳ ಕಡೆ ಹಳೆಯ ಒಂದು ದೀಪದ ಮನೆಗಳೂ ಇವೆ. ಪ್ರಯೋಗಕ್ಕೆ ಇದಕ್ಕಿಂತ ತಕ್ಕ ತಾಲ್ಲೂಕು ಸಿಗದು. ಮೊದಲ ಹೆಜ್ಜೆಯಾಗಿ ಮೂರು ಅಂಕಿಗಳನ್ನು ಸಾರ್ವಜನಿಕರ ಮುಂದಿಡಬೇಕೆಂದು ಸಂಬಂಧಪಟ್ಟವರನ್ನು ಕೇಳುತ್ತೇವೆ: ತಾಲ್ಲೂಕಿನಲ್ಲಿ ಹಿಂದೆ ಒಂದು ದೀಪಕ್ಕೆ ಸಂಪರ್ಕ ಪಡೆದ ಮನೆಗಳೆಷ್ಟು, ಅವುಗಳಲ್ಲಿ ಕಳೆದ ಐದು ವರ್ಷಗಳಲ್ಲಿ ಯಾರಾದರೂ ತಂತಿಯನ್ನು ಪರೀಕ್ಷಿಸಿದ ಮನೆಗಳೆಷ್ಟು, ಕಳೆದ ಐದು ವರ್ಷಗಳಲ್ಲಿ ಬೆಂಕಿಗೆ ಶಾರ್ಟ್ ಸರ್ಕ್ಯೂಟು ಕಾರಣವೆಂದು ಶಂಕಿಸಿದ ಪ್ರಕರಣಗಳಲ್ಲಿ ಶಂಕೆಯು ವಿದ್ಯುತ್ ಪರಿವೀಕ್ಷಕರ ವರದಿಯಿಂದ ನಿಶ್ಚಯವಾದುವೆಷ್ಟು. ಉತ್ತರವು ಬಂದ ದಿನವೇ ಅದನ್ನು ಪೂರ್ತಿಯಾಗಿ ಅಚ್ಚು ಮಾಡಲು ಈ ಪುಟದಲ್ಲಿ ಸ್ಥಳವುಂಟು.